ಹೆಸರಿಟ್ಟವರ ಮನಸ್ಸು: ಪುರುಷನಾಮಗಳ ಒಂದು ಸಮೀಕ್ಷೆ

ವ್ಯಕ್ತಿಯ ಹೆಸರಿಗೆ ಅರ್ಥವೆಂಬುದು ಇರಲೇಬೇಕೆ ಎಂಬ ಪ್ರಶ್ನೆ ಬಹು ಪ್ರಾಚೀನವಾದದ್ದು. ಗ್ರೀಸ್ ದೇಶದ ಪ್ಲೇಟೋ ತನ್ನ 'ಕ್ರಾಟಿಲಸ್' ಎಂಬ ಸಂವಾದದಲ್ಲಿ ಇದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದಾನೆ. ಅಲ್ಲಿ ಹರ್ಮಾಜನೀಸ್ ಎಂಬಾತನಿಗೆ ಅವನ ಮಿತ್ರನು, 'ಅದು ನಿನ್ನ ಹೆಸರೇ ಅಲ್ಲ' ಎಂದು ಪರಿಹಾಸ ಮಾಡುತ್ತಾನೆ. ಹರ್ಮೀಸನು ಲಾಭಕ್ಕೆ ಒಡೆಯನಾದ ದೇವತೆಯಾಗಿರಲು, ಹಣ ಗಳಿಸಲರಿಯದ ಈತನು ಆ ದೇವತೆಯ ವಂಶಜನೆನಿಸಿಕೊಳ್ಳುವುದೆಂತು ಎಂಬುದು ಆ ಪರಿಹಾಸದ ತಿರುಳು. ನಮ್ಮ ವೈಯಾಕರಣರು ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದರು. ಜಾತಿ, ಗುಣ, ಕ್ರಿಯೆಗಳನ್ನು ಹೇಳುವ ಶಬ್ದಗಳ ಜೊತೆಗೆ, ಕೇವಲ ವಕ್ತೃವಿನ ಇಚ್ಛೆಯಿಂದ ಪ್ರಯೋಗಕ್ಕೆ ಬರುವ ಯದೃಚ್ಛಾಶಬ್ದಗಳೆಂಬ ನಾಲ್ಕನೆಯ ವರ್ಗವೊಂದನ್ನು ಅವರು ಒಪ್ಪಿದರು. ಡಿತ್ಥ, ಡವಿತ್ಥ ಎಂಬ ಅರ್ಥಶೂನ್ಯವಾದ ಹೆಸರುಗಳು ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಉದಾಹರಣೆಯಾಗಿ ನಿಂತವು. 1843ರಲ್ಲಿ ಪ್ರಕಟವಾದ ತನ್ನ ತರ್ಕಗ್ರಂಥದಲ್ಲಿ ಜಾನ್ ಸ್ಟುವರ್ಟ್ ಮಿಲ್ ಹೇಳಿದ್ದೂ ಹೆಚ್ಚುಕಡಮೆ ಇದೇ: ಅಂಕಿತನಾಮವು ವ್ಯಕ್ತಿಯನ್ನು ತೋರಿಸುತ್ತದೆಯೇ ಹೊರತು ಅವನ ಯಾವ ಗುಣವನ್ನೂ ಹೇಳುವುದಿಲ್ಲ.

ತರ್ಕದೃಷ್ಟಿಯಿಂದ ಈ ಮಾತು ನಿರ್ವಿವಾದವಾದದ್ದು. ಭೀಮನೆಂಬ ಹೆಸರುಳ್ಳವನು ಕೃಶಕಾಯನಾಗಿರಬಹುದು, ಕುಬೇರನೆಂಬುವನು ಸಾಲಗಾರನಾಗಿರಬಹುದು. ಅದರಿಂದ ಹೆಸರು ಸುಳ್ಳಾಗುವುದಿಲ್ಲ. ಆದರೂ ಯಾವ ಜನಾಂಗವೂ ತನ್ನ ಮಕ್ಕಳಿಗೆ ಡಿತ್ಥ ಡವಿತ್ಥರೆಂದು ಹೆಸರಿಟ್ಟು ಸುಮ್ಮನಾಗಲಿಲ್ಲವೆಂಬುದೂ ಅಷ್ಟೇ ನಿಜ. ಈ ಎರಡು ಸತ್ಯಗಳು ಪರಸ್ಪರ ವಿರುದ್ಧವೆಂದು ತೋರುವುದು, ನಾಮದ ಅರ್ಥವನ್ನು ನಾವು ಹೊತ್ತವನಲ್ಲಿ ಹುಡುಕುವುದರಿಂದ. ಅದು ಇರುವುದು ಇಟ್ಟವರಲ್ಲಿ. ಮಗುವಿನ ಹೆಸರು ಮಗುವಿನ ವರ್ಣನೆಯಲ್ಲ. ತಾಯಿತಂದೆಗಳ, ಕುಲದ, ಮತದ, ಕೆಲವು ವೇಳೆ ರಾಜ್ಯದ ಮನಸ್ಸಿನಲ್ಲಿ ಆ ಗಳಿಗೆಯಲ್ಲಿದ್ದ ಆಸೆ, ಭಯ, ಕೃತಜ್ಞತೆ, ಅಭಿಮಾನಗಳ ದಾಖಲೆ. ಈ ವಿಚಾರಕ್ಕೆ ಪುರುಷನಾಮಗಳು ಹೆಚ್ಚಿನ ಸಾಮಗ್ರಿಯನ್ನೊದಗಿಸುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಪ್ರಾಚೀನ ಸಮಾಜಗಳಲ್ಲಿ ಶಾಸನ, ಸಂಧಿಪತ್ರ, ವಂಶಾವಳಿ, ಸೈನ್ಯದ ಪಟ್ಟಿ ಇವುಗಳಲ್ಲೆಲ್ಲ ದಾಖಲಾದದ್ದು ಬಹುಮಟ್ಟಿಗೆ ಗಂಡಸಿನ ಹೆಸರೇ. ಆದುದರಿಂದ ಸಮಾಜವು ಗಂಡಸಿನಿಂದ ಏನನ್ನು ಬಯಸಿತೆಂಬುದೂ ಆ ಹೆಸರುಗಳಲ್ಲಿಯೇ ಅಚ್ಚೊತ್ತಿ ನಿಂತಿದೆ.

ಮೊದಲು ಕಣ್ಣಿಗೆ ಬೀಳುವುದು ಕೃತಜ್ಞತೆಯ ನಾಮಗಳು. ಪತಂಜಲಿಯ ಮಹಾಭಾಷ್ಯದಲ್ಲಿ ಯಾರಾದರೊಬ್ಬ ಮನುಷ್ಯನ ಉದಾಹರಣೆ ಬೇಕಾದಾಗಲೆಲ್ಲ ದೇವದತ್ತನೂ ಯಜ್ಞದತ್ತನೂ ಬಂದು ನಿಲ್ಲುತ್ತಾರಷ್ಟೆ. ದೇವರು ಕೊಟ್ಟವನು ಎಂಬ ಈ ಒಂದೇ ಭಾವವನ್ನು ಪರಸ್ಪರ ಸಂಬಂಧವಿದ್ದ ಜನಾಂಗಗಳೂ ಇಲ್ಲದ ಜನಾಂಗಗಳೂ ತಮ್ಮ ತಮ್ಮ ಭಾಷೆಗಳಲ್ಲಿ ಮತ್ತೆ ಮತ್ತೆ ಹೆಸರಾಗಿಸಿರುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಗ್ರೀಕರ ಥಿಯೊಡೋರಸ್, ಪ್ರಾಚೀನ ಪಾರಸಿಕರ ಬಗದಾತ, ಅವರ ಸಂತತಿಯವರ ಖುದಾದಾದ್, ಸ್ಲಾವ್ ಜನರ ಬಾಗ್ದಾನ್, ಯೆಹೂದ್ಯರ ನತಾನಿಯೇಲ್ ಮತ್ತು ಮತ್ತಾಯ, ಅರಬ್ಬರ ಅತಾವುಲ್ಲಾ, ತುರ್ಕರ ಅಲ್ಲಾವೆರ್ದಿ, ಇವೆಲ್ಲವೂ ದೇವದತ್ತನ ಸೋದರರೇ. ಸಂತ ಆಗಸ್ಟೀನನು ತನ್ನ ಮಗನಿಗಿಟ್ಟ ಅದೇವೊದಾತುಸ್ ಎಂಬ ಲ್ಯಾಟಿನ್ ಹೆಸರೂ ಅದೇ. ಇಂಥ ಹೆಸರಿನ ತೂಕವು ನಿಘಂಟಿನಿಂದ ತಿಳಿಯತಕ್ಕದ್ದಲ್ಲ, ಸಂದರ್ಭದಿಂದ ತಿಳಿಯತಕ್ಕದ್ದು. ಫ್ರಾನ್ಸಿನ ಹದಿಮೂರನೆಯ ಲೂಯಿ ದೊರೆಗೆ 1615ರಲ್ಲಿ ವಿವಾಹವಾಗಿ, ಇಪ್ಪತ್ತಮೂರು ವರ್ಷ ಉತ್ತರಾಧಿಕಾರಿಯಿಲ್ಲದೆ ಕಳೆದು, 1638ರಲ್ಲಿ ಗಂಡುಮಗು ಹುಟ್ಟಿದಾಗ ಆ ಶಿಶುವಿಗೆ ಲೂಯಿ ಎಂಬ ಕುಲನಾಮದ ಜೊತೆಗೆ ದಿಯುದೊನೆ, ಎಂದರೆ ದೇವದತ್ತ, ಎಂಬ ಹೆಸರೂ ಬಂದಿತು. ಮುಂದೆ ಯೂರೋಪಿನಲ್ಲಿಯೇ ಅತ್ಯಂತ ವೈಭವದಿಂದ ಆಳಿದ ಹದಿನಾಲ್ಕನೆಯ ಲೂಯಿ ಈತನೇ.

ದೇವರ ದಾನವೆಂದು ಹೇಳುವುದಲ್ಲದೆ, ದೇವರ ದಾಸನೆಂದು, ದೇವರ ಮಗನೆಂದು, ದೇವರ ಮಹಿಮೆಗೆ ಸಾಕ್ಷಿಯೆಂದು ಹೇಳುವ ಹೆಸರುಗಳೂ ಅಸಂಖ್ಯವಾಗಿವೆ. ಮೀಕಾಯೇಲನೆಂದರೆ ದೇವರಿಗೆ ಸಮಾನರಾರು ಎಂಬ ಪ್ರಶ್ನೆ, ದಾನಿಯೇಲನೆಂದರೆ ದೇವರೇ ನನ್ನ ನ್ಯಾಯಾಧಿಪತಿ ಎಂಬ ವಾಕ್ಯ. ಹೀಬ್ರೂ ಹೆಸರುಗಳಲ್ಲಿ ಅನೇಕವು ಪದಗಳಲ್ಲ, ಸಂಕ್ಷಿಪ್ತವಾದ ಪ್ರಾರ್ಥನೆಗಳು. ಅರಬ್ಬರಲ್ಲಿ ಅಬ್ದ್ ಎಂಬ ದಾಸವಾಚಕವು ಇಸ್ಲಾಮಿಗಿಂತ ಹಿಂದಿನಿಂದಲೂ ಇದ್ದುದೇ. ಆದರೆ ಹಿಂದೆ ಉಜ್ಜಾ ಮೊದಲಾದ ದೇವತೆಗಳಿಗೆ ದಾಸರಾಗಿದ್ದವರು ಹೊಸ ಮತದಲ್ಲಿ ಅಬ್ದುಲ್ಲಾ, ಅಬ್ದುರ್ರಹಮಾನ್ ಎಂದು ಏಕದೇವನ ದಾಸರಾದರು. ದೇವರು ಬದಲಾದರೆ ಹೆಸರೂ ಬದಲಾಗಬೇಕೆಂಬ ಈ ನಿಯಮಕ್ಕೆ ಈಜಿಪ್ಟಿನ ರಾಜರಿಗಿಂತ ಸ್ಫುಟವಾದ ನಿದರ್ಶನ ಬೇರೊಂದಿಲ್ಲ. ಅಮುನ್ ದೇವನ ಹೆಸರನ್ನು ಹೊತ್ತಿದ್ದ ನಾಲ್ಕನೆಯ ಅಮೆನ್‌ಹೊಟೆಪನು ಅತೆನ್ ಎಂಬ ಸೂರ್ಯಬಿಂಬದ ಉಪಾಸಕನಾದಾಗ ಅಖೆನಾತೆನ್ ಆದನು. ಅವನ ಕಾಲ ಮುಗಿದು ಹಳೆಯ ಪೂಜೆ ಮರಳಿ ಬಂದಾಗ ತುತನ್‌ಖಾತೆನ್ ಎಂಬ ಬಾಲರಾಜನು ತುತನ್‌ಖಾಮುನ್ ಆದನು. ಒಂದು ಧಾರ್ಮಿಕ ಕ್ರಾಂತಿಯೂ ಅದರ ಪ್ರತಿಕ್ರಾಂತಿಯೂ ಎರಡು ಪುರುಷನಾಮಗಳ ಕೊನೆಯ ಅಕ್ಷರಗಳಲ್ಲಿ ಅಡಗಿವೆ.

ಭಕ್ತಿಯ ತರುವಾಯ ಬರುವುದು ಪರಾಕ್ರಮ. ಇಂಡೋ-ಯೂರೋಪಿಯನ್ ಭಾಷೆಗಳನ್ನಾಡಿದ ಪ್ರಾಚೀನರಿಗೆ ಎರಡು ಪದಗಳನ್ನು ಸಮಾಸ ಮಾಡಿ ಗಂಡುಮಕ್ಕಳಿಗೆ ಹೆಸರಿಡುವುದು ಅಚ್ಚುಮೆಚ್ಚಿನ ರೂಢಿಯಾಗಿದ್ದಿತು. ಗ್ರೀಕರ ಅಲೆಕ್ಸಾಂಡರನು ಜನರಕ್ಷಕ, ಅವನ ತಂದೆ ಫಿಲಿಪ್ಪನು ಅಶ್ವಪ್ರಿಯ. ಕುದುರೆಯ ಮೇಲಿನ ಈ ಮೋಹ ಗ್ರೀಸಿಗೆ ಸೀಮಿತವಾದದ್ದಲ್ಲ: ಮಹಾಭಾರತದಲ್ಲಿ ಅಶ್ವತ್ಥಾಮ ಬೃಹದಶ್ವರಿದ್ದಾರೆ, ಇರಾನಿನಲ್ಲಿ ವಿಷ್ಟಾಸ್ಪ ಜಾಮಾಸ್ಪರಿದ್ದಾರೆ, ವಿಷ್ಟಾಸ್ಪನು ಆಶ್ರಯವಿತ್ತ ಜರತುಷ್ಟ್ರನ ಹೆಸರಿನಲ್ಲಾದರೋ ಕುದುರೆಗೆ ಬದಲಾಗಿ ಉಷ್ಟ್ರವೇ, ಎಂದರೆ ಒಂಟೆಯೇ, ಇದೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದಲ್ಲಿ ಸಿರಿಯ ಪ್ರಾಂತದ ಮಿತನ್ನಿ ರಾಜ್ಯವನ್ನಾಳುತ್ತಿದ್ದ ತುಷ್ರತ್ತನೆಂಬ ದೊರೆ ಈಜಿಪ್ಟಿನ ರಾಜನಿಗೆ ಬರೆದ ಪತ್ರಗಳು ಅಮರ್ನಾ ಎಂಬಲ್ಲಿ ದೊರೆತಿವೆ. ಅವನ ಹೆಸರನ್ನು ವಿದ್ವಾಂಸರು ತ್ವೇಷರಥ, ಅಂದರೆ ಪ್ರಜ್ವಲಿಸುವ ರಥವುಳ್ಳವನು, ಎಂದು ಬಿಡಿಸುತ್ತಾರೆ. ಕುದುರೆಯೂ ರಥವೂ ಯುದ್ಧದ ಗತಿಯನ್ನೇ ಮಾರ್ಪಡಿಸಿದ ಕಾಲದಲ್ಲಿ ಅವುಗಳನ್ನು ಪಡೆದವರು ಮಕ್ಕಳ ಹೆಸರಿನಲ್ಲಿ ಅವನ್ನು ಮೆರೆಸಿದರೆಂಬುದು ಸಹಜವೇ.

ಜರ್ಮಾನಿಕ್ ಜನರ ಹೆಸರುಗಳಲ್ಲಿ ಕುದುರೆಯ ಸ್ಥಾನವನ್ನು ತೋಳವೂ ಕರಡಿಯೂ ಆಯುಧಗಳೂ ಆಕ್ರಮಿಸಿವೆ. ರುಡಾಲ್ಫನಲ್ಲಿ ತೋಳವಿದೆ, ಬರ್ನಾರ್ಡನಲ್ಲಿ ಕರಡಿಯಿದೆ, ಜೆರಾರ್ಡನಲ್ಲಿ ಭಲ್ಲೆಯಿದೆ, ವಿಲಿಯಮ್ಮನಲ್ಲಿ ಸಂಕಲ್ಪದೊಡನೆ ಶಿರಸ್ತ್ರಾಣವಿದೆ. ಆದರೆ ಈ ಸಮಾಸಗಳನ್ನು ಬಿಡಿಸಿ ವಾಕ್ಯಾರ್ಥ ಹೇಳಹೊರಟವರು ಎಷ್ಟೋ ಸಲ ಎಡವುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡಿನ ವೂಸ್ಟರ್ ನಗರದಲ್ಲಿ ಬಿಷಪ್ಪನಾಗಿದ್ದ ವುಲ್ಫ್‌ಸ್ಟಾನನ ಹೆಸರನ್ನು ತೆಗೆದುಕೊಳ್ಳಿ. ಪದಶಃ ಅದು 'ತೋಳ-ಕಲ್ಲು'. ಇದರಿಂದ ಯಾವ ಅರ್ಥವೂ ಹೊರಡುವುದಿಲ್ಲ. ಆತನ ತಾಯಿಯ ಹೆಸರು ವುಲ್ಫ್‌ಗಿಫು, ತಂದೆಯ ಹೆಸರು ಎಥೆಲ್‌ಸ್ಟಾನ್ ಎಂದು ತಿಳಿದೊಡನೆ ಒಗಟು ಬಿಡಿಸಿಹೋಗುತ್ತದೆ. ತಾಯಿಯಿಂದ ಮೊದಲರ್ಧವನ್ನೂ ತಂದೆಯಿಂದ ಉತ್ತರಾರ್ಧವನ್ನೂ ಪಡೆದ ಆ ಹೆಸರು ಹೇಳಬೇಕಾಗಿದ್ದದ್ದು ತೋಳದ ವಿಷಯವನ್ನಲ್ಲ, ವಂಶದ ವಿಷಯವನ್ನು. ಚೀನೀಯರಲ್ಲಿ ಒಂದೇ ತಲೆಮಾರಿನ ಅಣ್ಣತಮ್ಮಂದಿರು ಹೆಸರಿನಲ್ಲಿ ಒಂದು ಅಕ್ಷರವನ್ನು ಸಮಾನವಾಗಿ ಹೊರುವ ಪದ್ಧತಿಗೂ ಉದ್ದೇಶ ಇದೇ. ಮಾವೋ ತ್ಸೆ-ತುಂಗನ ತಮ್ಮಂದಿರು ತ್ಸೆ-ಮಿನ್, ತ್ಸೆ-ತಾನ್ ಎಂಬುವರು. ನಡುವಣ ಅಕ್ಷರವು ತಲೆಮಾರನ್ನು ಹೇಳಿದರೆ ಕೊನೆಯದು ಮಾತ್ರ ವ್ಯಕ್ತಿಗೆ ಮೀಸಲು.

ಆಸೆಯನ್ನಾಗಲಿ ವಂಶವನ್ನಾಗಲಿ ಹೇಳದೆ ಹುಟ್ಟಿದ ವೇಳೆಯನ್ನೋ ಸನ್ನಿವೇಶವನ್ನೋ ಮಾತ್ರ ಬರೆದಿಡುವ ಸರಳನಾಮಗಳೂ ಉಂಟು. ರೋಮನರಲ್ಲಿ ರೂಢಿಯಲ್ಲಿದ್ದ ಬೆರಳೆಣಿಕೆಯ ಪುರುಷನಾಮಗಳ ಪೈಕಿ ಕ್ವಿಂಟಸ್, ಸೆಕ್ಸ್ಟಸ್, ಡೆಸಿಮಸ್ ಎಂಬವು ಐದನೆಯವನು, ಆರನೆಯವನು, ಹತ್ತನೆಯವನು ಎಂಬ ಬರಿಯ ಎಣಿಕೆ. ಜಪಾನಿನಲ್ಲಿ ತಾರೋ ಹಿರಿಯನು, ಜಿರೋ ಎರಡನೆಯವನು, ಸಬುರೋ ಮೂರನೆಯವನು. ಬಾಲಿ ದ್ವೀಪದಲ್ಲಿ ವಾಯಾನ್, ಮಾದೆ, ನ್ಯೋಮನ್, ಕೆತುತ್ ಎಂಬ ನಾಲ್ಕು ಹೆಸರುಗಳು ಮುಗಿದ ಮೇಲೆ ಐದನೆಯ ಮಗು ಮತ್ತೆ ವಾಯಾನ್ ಆಗುತ್ತದೆ. ನೈಜೀರಿಯದ ಯೊರುಬಾ ಜನರಲ್ಲಿ ಅಜ್ಜನು ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗು ಬಾಬಾತುಂಡೆ, ಎಂದರೆ 'ತಂದೆ ಮರಳಿ ಬಂದ', ಎನಿಸಿಕೊಳ್ಳುತ್ತದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಪದ್ಧತಿಯ ಹಿಂದೆ ಅವ್ಯಕ್ತವಾಗಿರುವ ಭಾವನೆಯನ್ನು ಅವರು ಬಾಯಿಬಿಟ್ಟು ಹೇಳುತ್ತಾರೆ, ಅಷ್ಟೆ.

ಈ ವರ್ಗದಲ್ಲಿ ಅತ್ಯಂತ ಕ್ರಮಬದ್ಧವಾದದ್ದು ಘಾನಾ ದೇಶದ ಅಕಾನ್ ಜನರ ವಾರನಾಮಗಳು. ಅವರಲ್ಲಿ ಭಾನುವಾರ ಹುಟ್ಟಿದ ಗಂಡು ಕ್ವಾಸಿ, ಸೋಮವಾರದವನು ಕ್ವಾಜೋ, ಶುಕ್ರವಾರದವನು ಕೋಫಿ, ಶನಿವಾರದವನು ಕ್ವಾಮೆ. ಸ್ವತಂತ್ರ ಘಾನಾದ ಮೊದಲ ನಾಯಕನಾದ ಕ್ವಾಮೆ ಎನ್‌ಕ್ರುಮಾ ಶನಿವಾರದವನು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಶುಕ್ರವಾರದವನು, ಅನ್ನಾನ್ ಎಂಬುದಕ್ಕೆ ನಾಲ್ಕನೆಯ ಮಗುವೆಂದು ಅರ್ಥ. ಇದನ್ನು ಓದುವ ತುಳುನಾಡಿನವರಿಗೆ ಯಾವ ವಿಸ್ಮಯವೂ ಆಗಲಾರದು; ಏಕೆಂದರೆ ಅಲ್ಲಿ, ವಿಶೇಷವಾಗಿ ದುಡಿಯುವ ಜನರಲ್ಲಿ, ಆದಿತ್ಯವಾರದ ಐತ, ಸೋಮವಾರದ ಸೋಮ, ಮಂಗಳವಾರದ ಅಂಗಾರ, ಬುಧವಾರದ ಬೂದ, ಗುರುವಾರದ ಗುರುವ, ಶುಕ್ರವಾರದ ತುಕ್ರ, ಶನಿವಾರದ ತನಿಯ ಎಂಬ ಏಳು ಹೆಸರುಗಳು ತಲತಲಾಂತರದಿಂದ ನಡೆದು ಬಂದಿವೆ. ಕೊರಗಜ್ಜನೆಂದು ಪೂಜೆಗೊಳ್ಳುವ ದೈವದ ಮಾನುಷನಾಮವೂ ತನಿಯನೆಂದೇ. ಸಮುದ್ರಗಳಾಚೆಯ ಎರಡು ನಾಡುಗಳು ಒಂದನ್ನೊಂದು ಕಾಣದೆಯೇ ಒಂದೇ ಪದ್ಧತಿಯನ್ನು ಕಟ್ಟಿಕೊಂಡಿವೆ. ಭೇದವೆಂದರೆ, ಅಕಾನರಲ್ಲಿ ಅರಸುಮಕ್ಕಳೂ ಹೊರುವ ವಾರನಾಮವು ನಮ್ಮಲ್ಲಿ ಶ್ರಮಜೀವಿಯ ಗುರುತಾಗಿ ಉಳಿಯಿತು.

ಇನ್ನು ಭಯದಿಂದ ಹುಟ್ಟಿದ ಹೆಸರುಗಳು. ಇವು ಮೇಲೆ ಹೇಳಿದ ಎಲ್ಲವುಗಳಿಗಿಂತ ಕರುಣಾಜನಕವಾದುವು. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ, ಮೃತ್ಯುವಿನ ಅಥವಾ ದುಷ್ಟಶಕ್ತಿಯ ಕಣ್ಣು ಬೀಳದಿರಲೆಂದು, ಯಾರಿಗೂ ಬೇಡವಾದ ವಸ್ತುವಿನ ಹೆಸರನ್ನು ಬೇಕುಬೇಕಾದ ಮಗುವಿಗೆ ಇಡುವ ಪದ್ಧತಿ ಲೋಕದ ಬಹು ಭಾಗಗಳಲ್ಲಿದೆ. ನಮ್ಮಲ್ಲಿ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಯ್ಯ, ತಿಪ್ಪಣ್ಣ ಎಂದು ಕರೆಯುತ್ತಿದ್ದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಇಟ್ಟ ತಿಪ್ಪೇಸ್ವಾಮಿ ಎಂಬ ಹೆಸರು ಬೇರೆ, ಹರಕೆಯೂ ಹೆದರಿಕೆಯೂ ಕೂಡಿ ಇಟ್ಟ ತಿಪ್ಪನ ಹೆಸರು ಬೇರೆ. ಎರಡನ್ನೂ ಬೇರ್ಪಡಿಸುವುದು ಮಾತ್ರ ಮನೆಯವರಿಗಲ್ಲದೆ ಬೇರೆಯವರಿಗೆ ಸಾಧ್ಯವಿಲ್ಲ. ಮಂಗೋಲಿಯದಲ್ಲಿ ನೆರ್ಗುಯಿ ಎಂದರೆ 'ಹೆಸರಿಲ್ಲದವನು', ಎನೆಬಿಶ್ ಎಂದರೆ 'ಇವನಲ್ಲ', ಖುನ್‌ಬಿಶ್ ಎಂದರೆ 'ಮನುಷ್ಯನಲ್ಲ'; ಹುಡುಕಿಕೊಂಡು ಬಂದ ಪಿಶಾಚಿಯನ್ನು ದಾರಿ ತಪ್ಪಿಸಲು ಇದಕ್ಕಿಂತ ಜಾಣ ಉತ್ತರಗಳು ಯಾವುವು ತಾನೆ ಇದ್ದಾವು! ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಃಶೇಪ ಮತ್ತು ಅವನ ಅಣ್ಣತಮ್ಮಂದಿರಾದ ಶುನಃಪುಚ್ಛ, ಶುನೋಲಾಂಗೂಲರ ಹೆಸರುಗಳೆಲ್ಲ ನಾಯಿಯ ಅಂಗಗಳಿಂದಾದುವು. ಅವುಗಳ ಹಿಂದೆಯೂ ಇಂಥ ಯಾವುದೋ ಭಾವನೆಯಿದ್ದಿರಬಹುದೆಂದು ಊಹಿಸುವುದು ಅಸಂಗತವಾಗಲಾರದು.

ಈ ಭಯವು ದರಿದ್ರರದು, ಅವಿದ್ಯಾವಂತರದು ಎಂದು ತಿಳಿಯುವವರು ಜಪಾನಿನ ತೊಯೊತೊಮಿ ಹಿದೆಯೊಶಿಯ ಕಥೆಯನ್ನು ನೆನೆಯಬೇಕು. ಹದಿನಾರನೆಯ ಶತಮಾನದ ಅಂತ್ಯದಲ್ಲಿ ಸಮಗ್ರ ಜಪಾನನ್ನು ತನ್ನ ಅಂಕೆಗೆ ತಂದುಕೊಂಡ ಆ ಮಹಾಸೇನಾನಿಗೆ ವಯಸ್ಸು ಮೀರಿದ ಮೇಲೆ ಹುಟ್ಟಿದ ಮಗನಿಗೆ ಇಟ್ಟ ಬಾಲ್ಯನಾಮ ಸುತೆ, ಎಂದರೆ 'ಬಿಸಾಡಿದ್ದು'. ಆ ಮಗು 1591ರಲ್ಲಿ ತೀರಿಕೊಂಡಿತು. 1593ರಲ್ಲಿ ಇನ್ನೊಬ್ಬ ಮಗನು ಹುಟ್ಟಲು ಅವನನ್ನು ಹಿರೋಯಿ, ಎಂದರೆ 'ಹೆಕ್ಕಿಕೊಂಡದ್ದು', ಎಂದು ಕರೆದರು. ಸಾವಿರಾರು ಖಡ್ಗಗಳ ಕಾವಲಿದ್ದ ಅರಮನೆಯಲ್ಲಿಯೂ ತೊಟ್ಟಿಲಿನ ಕಾವಲಿಗೆ ಬಂದದ್ದು ತಿಪ್ಪೆಯ ತತ್ತ್ವವೇ.

ಇಷ್ಟರ ಮಟ್ಟಿಗೆ ಹೆಸರಿಡುವವರು ಮನೆಯವರು. ಆದರೆ ಮನೆಯವರ ಹಿಂದೆ ಅಧಿಕಾರವೊಂದು ನಿಂತು ಅವರ ನಾಲಗೆಯನ್ನು ತಿದ್ದುವುದೂ ಉಂಟು. ನಮ್ಮ ಗೃಹ್ಯಸೂತ್ರಗಳು ಹುಡುಗನ ಹೆಸರು ಘೋಷಾಕ್ಷರದಿಂದ ಆರಂಭವಾಗಿ, ನಡುವೆ ಅಂತಸ್ಥವನ್ನು ಹೊಂದಿ, ಎರಡೋ ನಾಲ್ಕೋ ಅಕ್ಷರಗಳದಾಗಿ, ಕೃದಂತವಾಗಿರಬೇಕೇ ಹೊರತು ತದ್ಧಿತಾಂತವಾಗಿರಬಾರದೆಂದು ವಿಧಿಸುತ್ತವೆ. ಇದನ್ನರಿಯಲು ವ್ಯಾಕರಣ ಬೇಕಲ್ಲವೆ ಎಂದು ಪತಂಜಲಿ ಅದನ್ನು ತನ್ನ ಶಾಸ್ತ್ರದ ಪ್ರಯೋಜನಗಳಲ್ಲೊಂದಾಗಿ ಎಣಿಸಿದ್ದಾನೆ. ಇದು ನಾದದ ನಿಯಮ, ನಿರುಪದ್ರವಿ. ಬ್ರಾಹ್ಮಣನ ಹೆಸರು ಮಂಗಳವನ್ನೂ ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಸೂಚಿಸಬೇಕು, ಶೂದ್ರನದು ಜುಗುಪ್ಸಿತವಾಗಿರಬೇಕು ಎಂಬ ಮನುಸ್ಮೃತಿಯ ವಿಧಿಯಾದರೋ ಬೇರೆ ಜಾತಿಯದು. ತಾಯಿ ಪ್ರೀತಿಯಿಂದ ಇಟ್ಟ ಹೀನನಾಮಕ್ಕೂ ಶಾಸ್ತ್ರವು ಹೊರಿಸಿದ ಹೀನನಾಮಕ್ಕೂ ಇರುವ ಅಂತರವನ್ನು ಯಾವ ನಿಘಂಟೂ ಹೇಳಲಾರದು. ಇದಕ್ಕೆ ವಿರುದ್ಧವಾಗಿ, 1699ರಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ದೀಕ್ಷೆ ಪಡೆದ ಗಂಡಸರಿಗೆಲ್ಲ ಸಿಂಹನಾಮವನ್ನು ಕೊಟ್ಟು, ಕ್ಷತ್ರಿಯರ ಸೊತ್ತಾಗಿದ್ದ ಬಿರುದನ್ನು ಎಲ್ಲ ಕುಲಗಳವರಿಗೂ ಹಂಚಿದರು.

ಅನ್ಯದೇಶಗಳ ಚರಿತ್ರೆಯೂ ಇದೇ ಬಗೆಯದು. ಚೀನಾದಲ್ಲಿ ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಪ್ರಜೆಗಳು ಬಳಸುವಂತಿರಲಿಲ್ಲ. ಹಾನ್ ವಂಶದ ಸ್ಥಾಪಕನ ಹೆಸರು ಬಾಂಗ್ ಎಂದಿದ್ದುದರಿಂದ, ರಾಜ್ಯವೆಂಬರ್ಥದ ಆ ಮಾತನ್ನೇ ಬಿಟ್ಟು ಗುವೋ ಎಂದು ಬರೆಯಬೇಕಾಯಿತು. ಇಂಗ್ಲೆಂಡನ್ನು 1066ರಲ್ಲಿ ನಾರ್ಮನರು ಗೆದ್ದ ಬಳಿಕ ಎಥೆಲ್‌ಸ್ಟಾನ್, ವುಲ್ಫ್‌ಸ್ಟಾನರ ಕಾಲ ಮುಗಿದು, ವಿಲಿಯಂ, ರಾಬರ್ಟ್, ರಿಚರ್ಡ್, ಹೆನ್ರಿಗಳು ಸೋತವರ ಮನೆಗಳನ್ನೂ ಹೊಕ್ಕರು. 1803ರ ಶಾಸನವೊಂದು ಫ್ರಾನ್ಸಿನ ತಂದೆತಾಯಿಗಳಿಗೆ ಪಂಚಾಂಗಗಳಲ್ಲಿಯ ಮತ್ತು ಪ್ರಾಚೀನ ಚರಿತ್ರೆಯ ಹೆಸರುಗಳನ್ನು ಮಾತ್ರ ಅನುಮತಿಸಿತು. ಆ ಕಟ್ಟು ಪೂರ್ಣವಾಗಿ ಸಡಿಲಿದ್ದು 1993ರಲ್ಲಿ. ಸೋವಿಯತ್ ರಷ್ಯದಲ್ಲಿ ವ್ಲಾದಿಮಿರ್ ಲೆನಿನ್ ಎಂಬೆರಡು ಪದಗಳನ್ನು ಬೆಸೆದು ವ್ಲಾದ್‌ಲೆನ್ ಎಂಬ ಹೊಸ ಪುರುಷನಾಮವನ್ನು ಸೃಷ್ಟಿಸಿದರು. ದಕ್ಷಿಣ ಆಫ್ರಿಕದಲ್ಲಿ ರೋಲಿಹ್ಲಾಹ್ಲಾ ಎಂಬ ಬಾಲಕನು ಶಾಲೆಗೆ ಹೋದ ಮೊದಲ ದಿನವೇ ಉಪಾಧ್ಯಾಯಿನಿಯಿಂದ ನೆಲ್ಸನ್ ಎಂಬ ಇಂಗ್ಲಿಷ್ ಹೆಸರನ್ನು ಪಡೆದನು. ಲೋಕವು ನೆಲ್ಸನ್ ಮಂಡೇಲಾ ಎಂದು ಬಲ್ಲ ಆ ಮಹನೀಯನ ಜನ್ಮನಾಮಕ್ಕೆ ಪದಶಃ ಕೊಂಬೆಯನ್ನು ಎಳೆಯುವವನೆಂದೂ, ರೂಢಿಯಲ್ಲಿ ತಂಟೆಕೋರನೆಂದೂ ಅರ್ಥ. ಹೊರಗಿನಿಂದ ಬಂದ ಹೆಸರನ್ನು ಕಿತ್ತೊಗೆಯುವುದೂ ಬಲಾತ್ಕಾರವಾಗಬಹುದೆಂಬುದಕ್ಕೆ, 1972ರಲ್ಲಿ ಜಯೀರಿನ ಪ್ರಜೆಗಳು ತಮ್ಮ ಕ್ರೈಸ್ತನಾಮಗಳನ್ನು ತ್ಯಜಿಸಬೇಕೆಂದು ಅಲ್ಲಿಯ ಅಧ್ಯಕ್ಷ ಮೊಬುಟು ಹೊರಡಿಸಿದ ಆಜ್ಞೆಯೇ ಸಾಕ್ಷಿ.

ಹೀಗೆ ಮತದೊಡನೆಯೂ ರಾಜ್ಯದೊಡನೆಯೂ ಸಂಚರಿಸುವ ಹೆಸರು ದಾರಿಯಲ್ಲಿ ತನ್ನ ಅರ್ಥವನ್ನು ಇಳಿಸಿಬಿಡುತ್ತದೆ. ದೇವರು ಕೃಪಾಳು ಎಂಬರ್ಥದ ಹೀಬ್ರೂ ಯೋಹಾನನ್ ಎಂಬುದು ಗ್ರೀಕಿನಲ್ಲಿ ಯೋವಾನ್ನೀಸ್, ರಷ್ಯದಲ್ಲಿ ಇವಾನ್, ಇಟಲಿಯಲ್ಲಿ ಜೊವಾನಿ, ಸ್ಪೇನಿನಲ್ಲಿ ಹ್ವಾನ್, ಐರ್ಲೆಂಡಿನಲ್ಲಿ ಶಾನ್, ಇಂಗ್ಲೆಂಡಿನಲ್ಲಿ ಜಾನ್ ಆಗಿ, ಪೋರ್ಚುಗೀಸರ ಮೂಲಕ ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಜುವಾಂವ್ ಆಗಿದೆ. ಇವರಲ್ಲಿ ಕೃಪೆಯನ್ನು ನೆನೆದು ಹೆಸರಿಟ್ಟವರು ವಿರಳ, ಸಂತನನ್ನೋ ಅಜ್ಜನನ್ನೋ ನೆನೆದವರೇ ಹೆಚ್ಚು. ಗಂಡಸುತನದ ಗುರುತು ಕೂಡ ಹಾದಿಯಲ್ಲಿ ಅಳಿಸಿಹೋಗುವುದುಂಟು. ಪುರುಷವಾಚಕವಾದ ಗ್ರೀಕ್ ಪದದಿಂದ ಹುಟ್ಟಿದ ಆಂದ್ರೆಯಾ ಇಟಲಿಯಲ್ಲಿ ಗಂಡಸು, ಜರ್ಮನಿಯಲ್ಲಿ ಹೆಂಗಸು. ಅಜೇಯನೆಂಬರ್ಥದ ಗ್ರೀಕ್ ಮೂಲದಿಂದ ಬಂದ ನಿಕಿತಾ ಎಂಬುದು ರಷ್ಯದಲ್ಲಿ ಕ್ರುಶ್ಚೇವನಂಥವರ ಹೆಸರಾದರೆ ನಮ್ಮಲ್ಲಿ ಹುಡುಗಿಯರ ಹೆಸರು. ಧ್ವನಿಯಲ್ಲಿ ಪುರುಷತ್ವವಿಲ್ಲ, ಕೇಳುವವರ ಅಭ್ಯಾಸದಲ್ಲಿದೆ.

ಈ ಕಾಲದ ಕನ್ನಡಿಗರ ನಾಮಕರಣಗಳನ್ನು ಇದೇ ದೃಷ್ಟಿಯಿಂದ ನೋಡತಕ್ಕದ್ದು. ಅಪ್ಪ, ಅಯ್ಯ, ಅಣ್ಣಗಳ ಬಾಲ ಕಳಚಿದೆ. ತಿಪ್ಪನ ಹೆಸರನ್ನು ಇಡಿಸುತ್ತಿದ್ದ ಶಿಶುಮರಣದ ಭೀತಿ ಬಹುಮಟ್ಟಿಗೆ ಹಿಂಜರಿದು, ಅದರ ಸ್ಥಾನದಲ್ಲಿ ಪರದೇಶದ ನಾಲಗೆಗೆ ಹೆಸರು ಹೊರಳದೆ ಹೋದೀತೆಂಬ ಭೀತಿ ಬಂದು ಕುಳಿತಿದೆ. ಆದುದರಿಂದ ಎರಡಕ್ಷರದ, ಎಲ್ಲಿಯೂ ತೊಡಕದ ಹೆಸರುಗಳಿಗೆ ಬೇಡಿಕೆ. ಆರವ್ ಎಂಬ ಹೆಸರಿಗೆ ಶಾಂತನೆಂದು ಹೆಸರುಗಳ ಪುಸ್ತಕಗಳು ಅರ್ಥ ಹೇಳುತ್ತವೆ; ಸಂಸ್ಕೃತದಲ್ಲಿ ಆರವವೆಂದರೆ ಕೂಗು, ಗದ್ದಲ. ಪಂಡಿತರು ಇದನ್ನು ಕಂಡು ನಗಬಹುದಾದರೂ, ಶಾಂತಿಯನ್ನು ಬಯಸಿ ಇಟ್ಟ ತಾಯಿತಂದೆಗಳ ಮಟ್ಟಿಗೆ ಆ ಹೆಸರಿನ ಅರ್ಥ ಶಾಂತಿಯೇ ಸರಿ.

ಆದರೆ ಇಟ್ಟವರ ಅಧಿಕಾರವು ನಾಮಕರಣದಾಚೆಗೆ ಬಹುದೂರ ನಡೆಯುವುದಿಲ್ಲ. ಅನಂತರ ಅರ್ಥವನ್ನು ತುಂಬುವವನು ಹೊತ್ತವನೇ. ಸಿಸೆರೋ ಎಂಬುದು ಕಡಲೆಯಿಂದ ಬಂದ ಹೆಸರು. ರಾಜಕಾರ್ಯಕ್ಕೆ ಇಳಿಯುವಾಗ ಇದನ್ನು ಬಿಟ್ಟುಬಿಡೆಂದು ಮಿತ್ರರು ಹೇಳಲು, ರೋಮಿನ ಘನವಂಶಗಳ ನಾಮಗಳಿಗಿಂತಲೂ ಇದನ್ನು ಉಜ್ಜ್ವಲಗೊಳಿಸುವೆನೆಂದು ಆತನು ಹಟ ತೊಟ್ಟನೆಂದು ಪ್ಲೂಟಾರ್ಕನು ಬರೆದಿದ್ದಾನೆ. ಹಾಗೆಯೇ ಮಾಡಿದನೆಂಬುದನ್ನು ವಾಗ್ಮಿತೆಯ ಚರಿತ್ರೆ ಬಲ್ಲುದು. ಸೀಸರನೆಂಬುದು ಒಂದು ಮನೆತನದ ಅಡ್ಡಹೆಸರಾಗಿದ್ದು, ಒಬ್ಬನ ಪ್ರತಾಪದಿಂದ ಜರ್ಮನರ ಕೈಸರ್, ರಷ್ಯನರ ತ್ಸಾರ್ ಎಂಬ ಸಾಮ್ರಾಟಪದವಿಗಳಾಗಿ ಬೆಳೆಯಿತು. ಇವೆರಡಕ್ಕಿಂತಲೂ ಬೋಧಪ್ರದವಾದದ್ದು ಕಾರ್ಲ್ ಎಂಬ ಹೆಸರು. ಅದರ ಮೂಲಾರ್ಥ 'ಗಂಡಸು' ಎಂಬಷ್ಟೇ; ಪುರುಷನಾಮಗಳಲ್ಲಿ ಇದಕ್ಕಿಂತ ನಿರಾಡಂಬರವಾದದ್ದನ್ನು ಕಲ್ಪಿಸುವುದು ಕಷ್ಟ. ಅದನ್ನು ಹೊತ್ತ ಫ್ರಾಂಕ್ ದೊರೆ ಶಾರ್ಲಮೇನನು ಪಶ್ಚಿಮ ಯೂರೋಪನ್ನು ಒಂದು ಛತ್ರದಡಿಗೆ ತಂದ ಮೇಲೆ, ನೆರೆಯ ಸ್ಲಾವ್ ಭಾಷೆಗಳು ಆ ಹೆಸರನ್ನೇ ತೆಗೆದುಕೊಂಡು ತಮ್ಮಲ್ಲಿ ರಾಜನಿಗೆ ಸಾಮಾನ್ಯಪದವನ್ನಾಗಿ ಮಾಡಿಕೊಂಡವು. ರಷ್ಯನರ ಕರೋಲ್, ಪೋಲರ ಕ್ರೂಲ್, ಚೆಕ್ಕರ ಕ್ರಾಲ್ ಎಂಬುವೆಲ್ಲ ಅದೇ. ನಾಮಗಳ ಅಧ್ಯಯನಕ್ಕೆ ತೊಡಗುವವನು ಧಾತುವನ್ನು ಹುಡುಕುವ ಮೊದಲು, ಇಟ್ಟವರಾರು, ಯಾವಾಗ ಇಟ್ಟರು, ಯಾರ ಅಂಕೆಯಲ್ಲಿದ್ದು ಇಟ್ಟರು ಎಂದು ಕೇಳಬೇಕು. ಧಾತು ಸಿಕ್ಕ ಮೇಲೆ, ಹೊತ್ತವನು ಅದನ್ನು ಏನು ಮಾಡಿದನೆಂದು ಕೇಳಬೇಕು. ಈ ಪ್ರಶ್ನೆಗಳಿಲ್ಲದ ನಾಮಕೋಶವು ಎಷ್ಟು ದಪ್ಪವಾಗಿದ್ದರೂ, ಗಂಡಸೆಂಬರ್ಥದ ಒಂದು ಮಾತು ಅರಸೆಂಬರ್ಥಕ್ಕೆ ಏರಿದುದು ಹೇಗೆಂಬುದನ್ನು ವಿವರಿಸಲಾರದು.